ಅರ್ಧ ಬೂದು, ಅರ್ಧ ಕೆಂಪು

ನಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಉಣ್ಣೆಬಟ್ಟೆಯ ತೂತು ಮುಚ್ಚುವವಳು ಸೂಜಿಯಮ್ಮ. ಅವಳು ರಫೂ ಮಾಡಿದ ಜಾಗವನ್ನು ಕೋಟಿನ ಒಡೆಯನೂ ಹುಡುಕಲಾರ. ಕೌಂಟರಿನಲ್ಲಿ ಕೂತು ಬರೀ ಚೀಟಿ ಹರಿಯುವ ನನಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿದೆ.

ಅವಳ ಕಡುವೈರಿ ನುಸಿ. ಒಣಹುಲ್ಲಿನ ಬಣ್ಣದ, ಅಕ್ಕಿಕಾಳಿನಷ್ಟು ಪುಟ್ಟ ಪತಂಗ. ರೆಕ್ಕೆ ಬಂದ ಮೇಲೆ ಪಾಪ, ಅದು ಏನೂ ತಿನ್ನುವುದಿಲ್ಲ. ತಿಂದು ತೇಗುವುದೆಲ್ಲ ಅದರ ಮರಿಹುಳ. ಅದಕ್ಕೆ ಬೆಳಕು ಆಗದು, ಬೆವರು ಹಿಡಿದ ಉಣ್ಣೆಯೆಂದರೆ ಪಂಚಪ್ರಾಣ. ತಿನ್ನುವ ಉಣ್ಣೆಯಿಂದಲೇ ಚೀಲ ನೇಯ್ದುಕೊಂಡು, ಅದನ್ನು ಹೊತ್ತೇ ತೆವಳುತ್ತದೆ. ಬೇರೆ ಬಟ್ಟೆಗೆ ಹೋದರೆ ಚೀಲದ ತುದಿಗೆ ಆ ಬಣ್ಣವೂ ಸೇರುತ್ತದೆ. ಇದೆಲ್ಲ ನನಗೆ ಹೇಳಿಕೊಟ್ಟವಳು ಅವಳೇ.

ಅವತ್ತು, ಗಿರಾಕಿಯೊಬ್ಬರು ತಿಂಗಳ ಹಿಂದೆ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಬೂದು ಕೋಟಿನ ಬೆನ್ನು ಜರಡಿಯಾಗಿತ್ತು. ಯಜಮಾನರು ಸೀದಾ ಇಸ್ತ್ರಿ ತಾತನ ಮೇಲೆ ಹಾರಿದರು. ತಾತನಿಗೆ ಬೇರೆ ಮನೆಯಿಲ್ಲ; ಅಂಗಡಿಯಲ್ಲೇ ಕರಿ ಕಂಬಳಿ ಹಾಸಿ ಮಲಗುತ್ತಿದ್ದ.

"ನಿನ್ನ ಹಾಳು ಕಂಬಳಿಯಿಂದ್ಲೇ ಬಂದಿರೋದು. ಇವತ್ತೇ ಗಂಟುಮೂಟೆ ಕಟ್ಟು!"

"ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ, ಯಜಮಾನ್ರೇ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಮೈ ಉರಿಯಿತು. ಆದರೂ ತಲೆ ತಗ್ಗಿಸಿ ಚೀಟಿ ಹರಿಯುತ್ತಲೇ ಇದ್ದೆ, ನನ್ನ ಕೆಲಸವೂ ಅವರ ಕೈಯಲ್ಲೇ ಇತ್ತಲ್ಲ.

ಸೂಜಿಯಮ್ಮ ಕೋಟಿನ ಕಾಲರಿನಡಿಯಿಂದ ಹುಳದ ಚೀಲವೊಂದನ್ನು ಸೂಜಿಮೊನೆಯಲ್ಲಿ ಎತ್ತಿದಳು. ಅರ್ಧ ಬೂದು, ಅರ್ಧ ಕೆಂಪು. ಅವಳ ಮುಖ ಬಿಳಚಿಕೊಂಡಿತು. ಆ ಚೀಲವನ್ನು ನನ್ನ ಬಿಟ್ಟು ಯಾರೂ ನೋಡಿರಲಿಲ್ಲ. ಬೆರಳಲ್ಲಿ ಹೊಸಕಿಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ತಾತ ಆಗಲೇ ಕಂಬಳಿ ಮಡಚತೊಡಗಿದ್ದ.

"ಯಜಮಾನ್ರೇ, ತಾತನ್ನ ಬಿಡಿ. ಈ ಹುಳ ಮೊದ್ಲು ತಿಂದಿರೋದು ಕೆಂಪು ಉಣ್ಣೆ. ಅದು ನಂದು."

ತನ್ನ ಮೇಜಿನ ಡ್ರಾಯರ್ ಎಳೆದಳು. ಒಳಗೊಂದು ಕೆಂಪು ಸ್ವೆಟರ್, ತೋಳೆಲ್ಲ ತೂತು.

"ನಮ್ಮಕ್ಕಂದು. ಸಾಯೋ ದಿನ ಇದನ್ನೇ ಹಾಕ್ಕೊಂಡಿದ್ಲು. ಒಗೆದ್ರೆ ಅವಳ ವಾಸನೆ ಹೋಗುತ್ತಲ್ಲ ಅಂತ ಹಾಗೇ ಇಟ್ಟಿದ್ದೆ. ಕಳಿಸೋದಾದ್ರೆ ನನ್ನ ಕಳಿಸಿ."

ಬಂದ ಗಿರಾಕಿಗೆಲ್ಲ 'ಉಣ್ಣೆ ಒಗೆದೇ ಎತ್ತಿಡಿ' ಎಂದು ಬುದ್ಧಿ ಹೇಳುತ್ತಿದ್ದವಳು!

ಯಜಮಾನರು ಸ್ವೆಟರನ್ನೂ ಅವಳನ್ನೂ ನೋಡಿದರು. ಕೊನೆಗೆ, "ಇಬ್ರೂ ಇರಿ. ಅದನ್ನ ಮಾತ್ರ ಈಗ್ಲೇ ಕುದಿಯೋ ನೀರಿಗೆ ಹಾಕು," ಎಂದರು.

ಅವಳು ಸ್ವೆಟರನ್ನು ಎದೆಗೆ ಅವಚಿಕೊಂಡಳು. ತಾತ ಕಂಬಳಿ ಕೆಳಗಿಟ್ಟು ಬಂದ.

"ನೀರು ಬೇಡ. ಇಸ್ತ್ರಿ ಬಿಸಿಗೂ ಹುಳ ಸಾಯುತ್ತೆ. ಕೊಡಮ್ಮ ಇಲ್ಲಿ."

ಇಸ್ತ್ರಿ ತಾಗುತ್ತಲೇ ತಲೆಯೆಣ್ಣೆ, ಬೆವರು ಬೆರೆತ ವಾಸನೆ ಅಂಗಡಿಯೆಲ್ಲ ಹರಡಿತು. "ಅಕ್ಕಾ..." ಎಂದು ಸೂಜಿಯಮ್ಮ ಅತ್ತುಬಿಟ್ಟಳು. ತಾತ ಒಂದು ಮಡಿಕೆಯನ್ನೂ ಬಿಡದೆ ಒತ್ತಿ ಮುಗಿಸಿದ.

ಮೂಸಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. "ನೀನೇ ನೋಡೇ, ಇದೆಯಾ?" ಎಂದು ನನ್ನ ಕೈಗಿಟ್ಟಳು.

ನಾನು ಮುಖ ಹುದುಗಿಸಿದೆ. ಬಿಸಿ ಉಣ್ಣೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಇದೆ, ಸೂಜಿಯಮ್ಮ," ಎಂದೆ.