ತೊಡೆಯ ಮೇಲಿನ ಕೆರೆ

ಹಿರಿಯೂರಿನಿಂದ ಚಿತ್ರದುರ್ಗದ ಪುಟ್ಟ ಮಾದರಿಗಳ ಪ್ರದರ್ಶನಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ತೊಡೆಯ ಮೇಲೆ ನಾನೇ ಮಾಡಿದ ಮಾದರಿ: ಒಂದು ತಟ್ಟೆಯಗಲದ ಕೆರೆ, ಅದರಲ್ಲಿ ನೀರಿನ ಮೇಲೆ ಇಳಿಯುವಂಥ ಹಳೇ ವಿಮಾನ. ಕೆರೆಯ ನೀರು ಅಂದರೆ ಎರೆದು ಗಟ್ಟಿಯಾದ ರೆಸಿನ್ ಎಂಬ ತಿಳಿಯಾದ ಅಂಟು. ವಿಮಾನ ಹಳೆಯದಾಗಿ ಕಾಣಲೆಂದು ಬಣ್ಣದ ಪುಡಿಯಲ್ಲಿ ತುಕ್ಕು, ಧೂಳು, ಕೆಸರು ಕೂರಿಸಲು ಒಂದು ತಿಂಗಳು ಹಿಡಿದಿತ್ತು.

ಐಮಂಗಲದಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಅದನ್ನೇ ನೋಡಿದಳು.

"ಏನಪ್ಪ, ಇಷ್ಟು ಧೂಳು ಕುಂತೈತೆ. ಮಗ್ಗುಲಲ್ಲೇ ನೀರೈತೆ, ಒರೆಸಬಾರ್ದಾ?"

ಅಂದವಳೇ ಸೆರಗಿನ ತುದಿಯನ್ನು ನನ್ನ ಕೆರೆಯಲ್ಲಿ ಅದ್ದಲು ಹೋದಳು. ಬೆರಳು ಟಕ್ ಅಂತು. ಸೆರಗು ನೆನೆಯಲಿಲ್ಲ.

ನನಗೆ ಎದ್ದು ಕುಣಿಯುವಷ್ಟು ಖುಷಿ. ಅಜ್ಜಿ ನೀರನ್ನೂ ನಂಬಿದ್ದಳು, ಧೂಳನ್ನೂ ನಂಬಿದ್ದಳು! "ಇದು ನೀರಲ್ಲ ಅಜ್ಜಿ, ಒಂಥರಾ ಅಂಟು" ಅಂತ ಉಬ್ಬಿಹೋಗಿ ವಿವರಿಸತೊಡಗಿದೆ.

"ನೀರಿಲ್ದಿದ್ರೆ ಏನಾತು, ನನ್ತಾವ ಐತೆ ಬಿಡು" ಅಂದಳು. ಬಾಟಲಿ ಬಗ್ಗಿಸಿ ಸೆರಗು ನೆನೆಸಿಕೊಂಡು, ನಾನು ಬಾಯಿ ಮುಚ್ಚುವಷ್ಟರಲ್ಲಿ ಒಂದು ರೆಕ್ಕೆಯನ್ನು ಫಳಫಳ ಮಾಡಿಬಿಟ್ಟಳು.

ಪ್ರದರ್ಶನದಲ್ಲಿ ಒಂದೇ ರೆಕ್ಕೆ ಯಾಕೆ ಹೊಸದು ಅಂತ ಕೇಳಿದವರಿಗೆಲ್ಲ, ಐಮಂಗಲದ ಹತ್ತಿರ ಸರ್ವಿಸ್ ಆಯಿತು ಅಂದೆ.