ಒಳಗೂ ಪನಿ, ಹೊರಗೂ ಪನಿ

ಶಿರಿಯ ಹೊಳೆಯ ದಂಡೆಯಲ್ಲಿ ದಮಯಂತಿಯ ಮನೆ ಎಂದರೆ ಎರಡು ಕೋಣೆ, ಒಂದು ಜಗಲಿ, ಮೇಲೆ ತೆಂಗಿನ ಮಡಲಿನ ಮಾಡು. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷದ ಮಳೆಗಾಲ ಅದು. ಗಂಡ ಚೆನ್ನಯ್ಯ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆಯ ರೈಲಿಗೆ ಬಂದು ಆದಿತ್ಯವಾರ ಹೋಗುವವನು, ಆ ಸಲ ಎರಡು ಶನಿವಾರ ಬರಲೇ ಇಲ್ಲ. ಕಾರ್ಖಾನೆಯ ಅರ್ಧ ಜನ ಜ್ವರದಲ್ಲಿ ಮಲಗಿದ್ದಾರೆ, ತಾನೂ ಮಲಗಿದ್ದೇನೆ, ಹೆದರುವುದು ಬೇಡ ಎಂದು ಯಾರದೋ ಬಾಯಲ್ಲಿ ಹೇಳಿ ಕಳಿಸಿದ್ದ. ಆ ಮಾತು ಬಂದ ಮೂರನೆಯ ದಿನ ದಮಯಂತಿಗೂ ಮೈ ಬಿಸಿಯಾಯಿತು.

ಹೊಸ ನಮೂನೆಯ ಜ್ವರ ಅದು, ಫ್ಲೂ ಎಂದು ಹೆಸರಂತೆ. ಗಂಟುಗಂಟಿಗೂ ನೋವು, ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ. ಮಲಗಿಬಿಡೋಣ ಎಂದರೆ ಮನೆಯಲ್ಲಿ ಮೂರು ಮಕ್ಕಳು. ಹಿರಿಯವಳು ಸತ್ಯವತಿಗೆ ಐದು ವರ್ಷ, ಮುದ್ದಣ್ಣನಿಗೆ ಮೂರು, ಕಿರಿಯದು ಏಳು ತಿಂಗಳ ಮೊಲೆಗೂಸು. ಅಂಗಳ ದಾಟಿದರೆ ಹೊಳೆ, ಅದೂ ಕೆಂಪು ನೀರು ತುಂಬಿ ಹೋಗುವ ಹೊಳೆ. ಮುದ್ದಣ್ಣನೋ ನೀರು ಕಂಡರೆ ಬಾತುಕೋಳಿ.

ದಮಯಂತಿ ಒಂದು ಉಪಾಯ ಮಾಡಿದಳು. ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಒಂದು ತುದಿಯನ್ನು ಮಗನ ಸೊಂಟಕ್ಕೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಅವಳು ಚಾಪೆಯಲ್ಲಿ ಬಿದ್ದರೆ ಅವನು ಜಗಲಿಯ ಮೆಟ್ಟಿಲವರೆಗೆ ಹೋಗಬಹುದು, ಅದಕ್ಕಿಂತ ಮುಂದೆ ಹೋದರೆ ಸೀರೆ ಎಳೆದು ಇವಳಿಗೆ ಎಚ್ಚರ. ಕೂಸಿನ ತೊಟ್ಟಿಲಿಗೆ ಹಗ್ಗ ಕಟ್ಟಿ ಸತ್ಯವತಿಯ ಕೈಗೆ ಕೊಟ್ಟಳು. ಬೆಳಗ್ಗೆ ಒಮ್ಮೆ ಎದ್ದು ದೊಡ್ಡ ಮಡಕೆಯಲ್ಲಿ ಗಂಜಿ ಬೇಯಿಸಿ ಒಲೆಯ ಬಿಸಿ ಬೂದಿಯ ಮೇಲೆ ಇಟ್ಟರೆ ಸಂಜೆಯವರೆಗೆ ಅದೇ. ನಂಜಿಕೊಳ್ಳಲು ಮಾವಿನ ಮಿಡಿ. ಮಕ್ಕಳಿಗೆ ಮೂಗು ಕಟ್ಟಿದರೆ ಸಾಂಬಾರಬಳ್ಳಿಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿ, ಒಂದು ತೊಟ್ಟು ಜೇನು ಸೇರಿಸಿ ನೆಕ್ಕಿಸುವುದು. ತನಗೆ ಕರಿಮೆಣಸು, ಶುಂಠಿ, ಬೆಲ್ಲದ ಕಷಾಯ.

ಇಷ್ಟೆಲ್ಲ ಮಾಡಿದರೂ ಜ್ವರ ಎಂಬ ಮಾತನ್ನು ಮಾತ್ರ ಬಾಯಿಂದ ಹೊರಗೆ ಬಿಡಲಿಲ್ಲ. ಬೇಲಿಯಾಚೆಯ ಮನೆಯ ಅಮ್ಮಣ್ಣಿಯಕ್ಕ, ಬುಟ್ಟಿಯಲ್ಲಿ ಮೀನು ಹೊತ್ತು ಕಾಸರಗೋಡಿನವರೆಗೂ ಮಾರಿ ಬರುವ ಹೆಂಗಸು, ದಿನಕ್ಕೆ ಎರಡು ಸಲ ಕೂಗಿ ಮಾತಾಡಿಸುವವಳು. ಕೆಮ್ಮು ಕೇಳಿ ಎಂತ ಮಾರಾಯ್ತಿ ಎಂದರೆ, ಹಸಿ ಸೌದೆಯ ಹೊಗೆ ಅಕ್ಕಾ ಎಂದು ದಮಯಂತಿ ಒಳಗಿನಿಂದಲೇ ಗಟ್ಟಿಯಾಗಿ ಹೇಳುವಳು. ಹೇಳಿದ ಮೇಲೆ ಏದುಸಿರು ಬಿಡುತ್ತಾ ಗೋಡೆಗೆ ಒರಗುವಳು.

ಮುಚ್ಚಿಡಲಿಕ್ಕೆ ಕಾರಣ ಇತ್ತು. ಅವಳ ತವರು ದೇಲಂಪಾಡಿಯಿಂದಲೂ ಆಚೆ, ಕಾಡಿನ ಬದಿ. ಅವಳಿಗೆ ಒಂಬತ್ತು ವರ್ಷವಿದ್ದಾಗ ತಾಯಿಗೆ ಸಿಡುಬು ಎದ್ದಿತ್ತು. ಯಾರೋ ಇಬ್ಬರು ಬಂದು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಮಾರನೆಯ ದಿನ ತಾಯಿಯನ್ನು ಊರಾಚೆ ಹಾಕಿದ್ದ ಶೆಡ್ಡಿಗೆ ಹೊತ್ತುಕೊಂಡು ಹೋದರು. ಮೊಲೆ ಕುಡಿಯುವ ತಮ್ಮ ಮನೆಯಲ್ಲಿ ಉಳಿದ. ದಮಯಂತಿಯೇ ಬಟ್ಟೆಯ ಬತ್ತಿಯನ್ನು ಗಂಜಿತಿಳಿಯಲ್ಲಿ ಅದ್ದಿ ಅವನ ಬಾಯಿಗೆ ಹಿಂಡುತ್ತಿದ್ದಳು. ನಲವತ್ತು ದಿನ ಕಳೆದು ತಾಯಿ ಗುಣವಾಗಿ ಬಂದಾಗ ತೊಟ್ಟಿಲನ್ನು ಬಿಚ್ಚಿ ಇಟ್ಟಾಗಿತ್ತು. ಪುಸ್ತಕದಲ್ಲಿ ಬರೆದರೆ ಮುಗಿಯಿತು ಎಂಬುದು ಅಂದಿನಿಂದ ಅವಳ ಮನಸ್ಸಿನಲ್ಲಿ ಕೂತ ಮಾತು. ಈಗ ಅವಳ ತೊಟ್ಟಿಲಲ್ಲೂ ಒಂದು ಮೊಲೆಗೂಸು.

ನಾಲ್ಕನೆಯ ದಿನ ಬೆಳಗ್ಗೆ ಅಂಗಳದಲ್ಲಿ ಕೊಡೆ ಹಿಡಿದ ಒಬ್ಬ ಗಂಡಸು ಬಂದು ನಿಂತ. ಹೆಗಲಿಗೆ ಚೀಲ, ಕಾಲಿನಲ್ಲಿ ಕೆಸರು. ಆರೋಗ್ಯದ ಇಲಾಖೆಗೆ ತೆಂಕಣದಿಂದ ಹೊಸದಾಗಿ ಬಂದವನು, ಕಣ್ಣೂರಿಂದಲೂ ಆಚೆಯವನು. ಅದು ದಮಯಂತಿಗೆ ಹೇಗೆ ಗೊತ್ತಾಗಬೇಕು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲ ದಾರಂದ ಹಿಡಿದು, ಸೀರೆಯ ತುದಿಯಲ್ಲಿ ಮಗನನ್ನು ಎಳೆದುಕೊಂಡು ಹೊರಗೆ ಬಂದಳು.

ಅವನು ಮೆಲ್ಲಗೆ ಕೇಳಿದ, "ಪನಿ ಉಂಡೋ?"

ತುಳುವಿನಲ್ಲಿ ಪನಿ ಎಂದರೆ ಹನಿ ಮಳೆ, ಉಂಡು ಎಂದರೆ ಉಂಟು. ದಮಯಂತಿ ಹುಟ್ಟಿದಂದಿನಿಂದ ಆಡಿದ್ದು ತುಳು. ಮಲಯಾಳ ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬಿದ್ದಿದ್ದರೂ ಆ ಹೊತ್ತಿಗೆ ತಲೆ ಕೆಂಡದ ಹಾಗೆ ಇತ್ತು, ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ದಾರಿಹೋಕ ಮಳೆಯ ಸುದ್ದಿ ಎತ್ತಿದ್ದಾನೆ ಎಂದು ಅವಳ ಎದೆ ಹಗುರವಾಯಿತು. ಉಂಟಲ್ಲ, ನಾಲ್ಕು ದಿನದಿಂದ ಬಿಡುವುದೇ ಇಲ್ಲ ಎಂದಳು. ನಾಲ್ಕು ಎಂಬುದು ಆ ಭಾಷೆಗೂ ಈ ಭಾಷೆಗೂ ನಾಲ್. ಅವನು ಚೀಲದಿಂದ ಪುಸ್ತಕ ತೆಗೆದ.

ಪುಸ್ತಕ ಕಂಡ ಕೂಡಲೇ ಅವಳಿಗೆ ಜೀವ ಹಾರಿತು. ಆದರೂ ಹನಿ ಮಳೆಯನ್ನು ಬರೆದರೆ ಬರೆಯಲಿ, ಹೊಸ ಸರ್ಕಾರ ಸೋರುವ ಮನೆಗಳನ್ನು ಬರೆದುಕೊಳ್ಳುತ್ತದೋ ಏನೋ ಎಂದುಕೊಂಡಳು. ಅವನು ಕೈ ತೋರಿಸಿ, ಒಳಗೆ ಎಂದು ಕೇಳಿದ. ಒಳಗೂ ಉಂಟು ಎಂದಳು. ಮುದ್ದಣ್ಣನ ಕಡೆಗೆ, ತೊಟ್ಟಿಲಿನ ಕಡೆಗೆ ಬೆರಳು ಮಾಡಿದ. ಮಕ್ಕಳ ಮೇಲೂ ಉಂಟು, ಚಾಪೆ ಆಚೆ ಈಚೆ ಎಳೆದು ಸಾಕಾಯಿತು, ಮಡಲು ಹೊದೆಸದೆ ಇದು ನಿಲ್ಲುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಅವನಿಗೆ ಎಷ್ಟು ತಿಳಿಯಿತೋ, ಪಾಪ ಎಂಬ ಹಾಗೆ ತಲೆಯಾಡಿಸಿ ಬರೆದ. ಕಾಗದದ ಪೊಟ್ಟಣದಲ್ಲಿ ಬಿಳಿ ಗುಳಿಗೆಗಳನ್ನು ಜಗಲಿಯಲ್ಲಿಟ್ಟು, ಬೆರಳು ಮಡಚಿ ಏನೋ ಹೇಳಿ ಹೊರಟ.

ಮಳೆಗೆ ಗುಳಿಗೆ ಎಂತಕ್ಕೆ ಎಂದು ದಮಯಂತಿ ಪೊಟ್ಟಣ ನೋಡುತ್ತಾ ನಿಂತಿದ್ದಾಗ ಅಮ್ಮಣ್ಣಿಯಕ್ಕ ಬೇಲಿಯ ಸಂದಿಯಿಂದ ನುಸುಳಿ ಬಂದಳು. ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಗು ತಡೆಯಲಾಗದೆ ಸೊಂಟ ಹಿಡಿದುಕೊಂಡಿದ್ದಳು.

"ಅವರ ಭಾಷೆಯಲ್ಲಿ ಪನಿ ಅಂದ್ರೆ ಜ್ವರ ಮಾರಾಯ್ತಿ. ನಾಲ್ಕು ದಿನದಿಂದ ಉಂಟು, ಒಳಗೂ ಉಂಟು, ಮಕ್ಕಳಿಗೂ ಉಂಟು ಅಂತ ಚಂದ ಮಾಡಿ ಬರೆಸಿ ಕೊಟ್ಟಿ ನೀನು."

ದಮಯಂತಿ ನಗಲಿಲ್ಲ. ಒಳಗೆ ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಳ್ಳತೊಡಗಿದಳು. ಎಲ್ಲಿಗೆ ಎಂದರೆ ತವರಿಗೆ ಎಂದಳು. ಹೊಳೆ ಏರಿ ನಿಂತಿರುವಾಗ ಎಂತ ತವರು ಎಂದು ಅಮ್ಮಣ್ಣಿಯಕ್ಕ ಅವಳ ತೋಳು ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ತೋಳು ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು.

"ಇದು ಹೊಗೆಯಾ?" ಎಂದಳು ಅಮ್ಮಣ್ಣಿಯಕ್ಕ.

ಆಗ ದಮಯಂತಿ ಗೋಡೆಗೆ ಒರಗಿ ಕೂತು, ಶೆಡ್ಡಿನ ಕಥೆ, ತಮ್ಮನ ಕಥೆ ಎಲ್ಲ ಹೇಳಿದಳು. ನಾಳೆ ನನ್ನನ್ನು ಹೊತ್ತುಕೊಂಡು ಹೋಗುತ್ತಾರೆ, ಇದು ಗಂಜಿತಿಳಿಯಲ್ಲಿ ಬದುಕುವುದಿಲ್ಲ ಅಕ್ಕಾ ಎಂದಳು. ಅಮ್ಮಣ್ಣಿಯಕ್ಕನ ನಗು ಅಷ್ಟು ಹೊತ್ತಿಗೆ ಎಲ್ಲಿಯೋ ಹೋಗಿತ್ತು. ಅವಳು ಮಳೆಗೆ ಹೊದೆಯುವ ಓಲೆಯ ಗೊರಬೆಯೊಂದನ್ನು ತಲೆಗೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಓಡಿದಳು. ಎರಡು ಮನೆ ದಾಟಿ ಹೋಗಿದ್ದವನನ್ನು ಕೊಡೆ ಹಿಡಿದು ತಿರುಗಿಸಿ ಕರೆದುಕೊಂಡು ಬಂದಳು.

ಬಂದವನು ಮೆಟ್ಟಿಲಲ್ಲಿ ಕೊಡೆ ಮಡಚಿಟ್ಟು ಜಗಲಿಯಲ್ಲಿ ಕುಳಿತ. ಅಮ್ಮಣ್ಣಿಯಕ್ಕ ಮೀನು ಮಾರಿ ಕಲಿತ ಮಲಯಾಳದಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಅವನು ದಮಯಂತಿಯ ಕಡೆಗೆ ತಿರುಗಿ ನಿಧಾನಕ್ಕೆ ಉತ್ತರಿಸಿದ, ಅಮ್ಮಣ್ಣಿಯಕ್ಕ ಅದನ್ನು ತುಳುವಿಗೆ ತಿರುಗಿಸಿದಳು. ಅದು ಸಿಡುಬಿನ ಮಾತು, ಈ ಜ್ವರಕ್ಕೆ ಶೆಡ್ಡೂ ಇಲ್ಲ, ಹೊತ್ತುಕೊಂಡು ಹೋಗುವುದೂ ಇಲ್ಲ. ತನಗೇ ಹೋದ ವಾರ ಬಂದು ಹೋಯಿತು. ಬರೆದುಕೊಳ್ಳುವುದು ಯಾವ ಮನೆಗೆ ಗುಳಿಗೆ ಬೇಕು ಎಂದು ತಿಳಿಯಲಿಕ್ಕೆ.

"ಇದಕ್ಕೆ ಶೆಡ್ಡು ಕಟ್ಟುವುದಾದ್ರೆ ಇಡೀ ತಾಲೂಕಿಗೇ ಮಾಡು ಹಾಕ್ಬೇಕಾದೀತು ಅಂತ ಹೇಳ್ತಾರೆ," ಎಂದಳು ಅಮ್ಮಣ್ಣಿಯಕ್ಕ.

ದಮಯಂತಿ ಒಂದೇ ಮಾತು ಕೇಳಿದಳು, ಕೂಸಿಗೆ ಮೊಲೆ ಕೊಡಬಹುದಾ ಎಂದು. ಕೊಡಬೇಕು ಎಂದನಂತೆ, ಮೂಗು ಬಾಯಿಗೆ ಒಂದು ಬಟ್ಟೆ ಕಟ್ಟಿಕೊಂಡು ಕೊಡಲಿ, ತಾಯಿ ಗಂಜಿ ನೀರು ಚೆನ್ನಾಗಿ ಕುಡಿಯಲಿ. ದಮಯಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತಳು. ನಾಲ್ಕು ದಿನ ಅಳಲಿಕ್ಕೂ ಪುರುಸೊತ್ತು ಇರಲಿಲ್ಲ.

ಅವನು ಹೋದ ಮೇಲೆ ಅಮ್ಮಣ್ಣಿಯಕ್ಕ ಚೆನ್ನಾಗಿ ಬೈದಳು.

"ನಾನು ಬೇಲಿಯಾಚೆ ಇರುವುದು ಎಂತಕ್ಕೆ, ಬೇಲಿ ಕಾಯ್ಲಿಕ್ಕಾ?"

ಬೈಯುತ್ತಲೇ ದಮಯಂತಿಯ ಸೊಂಟದಿಂದ ಸೀರೆಯ ತುದಿಯನ್ನು ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಮುದ್ದಣ್ಣ ಕಟ್ಟಿದ ಕರುವಿನ ಹಾಗೆ ಅವಳ ಹಿಂದೆ ಬೇಲಿ ದಾಟಿ ಹೋದ, ಸತ್ಯವತಿಯೂ ಹೋದಳು. ದಮಯಂತಿ ಬಾಯಿಗೆ ಬಟ್ಟೆ ಕಟ್ಟಿ ಕೂಸನ್ನು ಮಗ್ಗುಲಿಗೆ ಹಾಕಿಕೊಂಡಳು. ಕೂಸು ಒಮ್ಮೆ ಬೆಚ್ಚಿ ನೋಡಿ, ಬಟ್ಟೆಯನ್ನು ಎಳೆಯಲು ನೋಡಿ, ಸೋತು ಮೊಲೆಗೆ ಬಾಯಿ ಹಾಕಿತು. ನಡುಹಗಲಿನಲ್ಲಿ, ಮಾಡು ತೊಟ್ಟಿಕ್ಕುತ್ತಿರುವಾಗಲೇ, ತಾಯಿ ಮಗು ಇಬ್ಬರಿಗೂ ನಿದ್ದೆ ಹತ್ತಿತು.

ಮುದ್ದಣ್ಣನಿಗೂ ಎರಡು ದಿನ ಮೈ ಕಾದು ಇಳಿಯಿತು. ಕೂಸಿಗೆ ಏನೂ ಆಗಲಿಲ್ಲ. ಮುಂದಿನ ಶನಿವಾರ ಚೆನ್ನಯ್ಯ ಗಲ್ಲ ಬತ್ತಿಸಿಕೊಂಡು ಬಂದ, ಆದಿತ್ಯವಾರ ಮಾಡಿಗೆ ಹೊಸ ಮಡಲು ಹೊದೆಸಿದ. ದಮಯಂತಿ ಆಮೇಲೆ ಮಲಯಾಳ ಕಲಿತಳು, ಬೇಕಾದಷ್ಟು.

ಕೂಸು ದೊಡ್ಡವಳಾಗಿ ಶಾಲೆಗೆ ಹೋಗತೊಡಗಿದ ಮೇಲೂ, ವರ್ಷದ ಮೊದಲ ಹನಿ ಬಿದ್ದ ದಿನ ಅಮ್ಮಣ್ಣಿಯಕ್ಕ ಬೇಲಿಯ ಬಳಿ ಬಂದು ಆ ತೆಂಕಣದವನ ಹಾಗೆಯೇ ರಾಗ ಎಳೆದು, ಪನಿ ಉಂಡೋ ಎಂದು ಕೇಳುವಳು. ದಮಯಂತಿ ಅಕ್ಕಿ ಗೇರುತ್ತಾ ಕುಳಿತಲ್ಲಿಂದಲೇ ಹೇಳುವಳು, "ಹೊರಗೆ ಉಂಟು ಅಕ್ಕಾ, ಒಳಗೆ ಇಲ್ಲ."