ಹಾಜರಿ ನಂಬರ್ ಮೂವತ್ತೇಳರ ಅಜ್ಜಿ

ಮೊನ್ನೆ ಶಾವಿಗೆ ಒತ್ತುವ ಮೂರು ಕಾಲಿನ ಒರಳನ್ನು ಅಟ್ಟದಿಂದ ಇಳಿಸಿದಾಗ ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳು ಕರಗಿ ಅಂಟಿಕೊಂಡಿದ್ದವು. ಕೊರೊನಾ ಕಾಲದಲ್ಲಿ, ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ, ಇದೇ ಒರಳಿಗೆ ಫೋನು ಕಟ್ಟಿ ನಾನು ಹತ್ತನೇ ತರಗತಿಗೆ ಗಣಿತ ಹೇಳಿದ್ದೆ. ಆಗ ಅದು ಸರ್ಕಾರಿ ಸ್ವತ್ತಿನಷ್ಟೇ ಪವಿತ್ರ. ಮನೆಯವಳಿಗೂ ಮುಟ್ಟುವ ಅಧಿಕಾರವಿರಲಿಲ್ಲ. ಅಂಟು ಕೆರೆಯುತ್ತಿದ್ದಂತೆ ನೆನಪಾದವರು ಮೂವತ್ತೇಳನೇ ನಂಬರಿನ ಹುಡುಗಿಯ ಅಜ್ಜಿ...

ನಮ್ಮ ಶಾಲೆಯ ನಿಯಮ ಸ್ಪಷ್ಟವಿತ್ತು. ಫೋನಿನ ತರಗತಿಗೂ ಮುಕ್ಕಾಲು ಪಾಲು ಹಾಜರಿ ಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹೆಸರು ಕೂಗಿದಾಗ ಪರದೆಯ ಮೇಲೆ ಕೈ ಎತ್ತಿದ ಚಿತ್ರ ಒತ್ತಬೇಕು. ಹೂಟಗಳ್ಳಿಯ ಮೂವತ್ತೇಳು ಕೆಲವು ವಾರಗಳಿಂದ ಬಹಳ ಚುರುಕಾಗಿದ್ದಳು; ಹೆಸರು ಪೂರ್ತಿ ಹೇಳುವ ಮೊದಲೇ ಕೈ ಏಳುತ್ತಿತ್ತು. ಮೀಟಿಂಗಿನಲ್ಲಿ ಅವಳನ್ನು ಆದರ್ಶ ವಿದ್ಯಾರ್ಥಿನಿ ಎಂದು ಹೊಗಳಿಯೂ ಬಿಟ್ಟಿದ್ದೆ.

ಆಮೇಲೆ ಕ್ಯಾಮೆರಾ ಕಡ್ಡಾಯವಾಯಿತು. ಮೂವತ್ತೇಳರ ಚೌಕ ತೆರೆಯಿತು. ಎಣ್ಣೆ ಹಚ್ಚಿ ತಲೆ ಬಾಚಿ, ಪೆನ್ಸಿಲ್ ಹಿಡಿದು ನೆಟ್ಟಗೆ ಕೂತಿದ್ದವರು ಎಪ್ಪತ್ತು ದಾಟಿದ ಹೆಂಗಸು.

"ಯಾರಮ್ಮ ನೀವು?"

"ಅವಳಜ್ಜಿ ಸಾರ್. ಮಗೀಗೆ ಟೈಫಾಯಿಡು, ಆಸ್ಪತ್ರೇಲವ್ಳೆ. ಆಜರಿ ತಪ್ಪಿದ್ರೆ ಪರೀಕ್ಸೆಗೆ ಕೂರ್ಸಲ್ವಂತೆ. ಅದ್ಕೇ ಮೂರು ವಾರದಿಂದ ನಾನೇ ಕೂತ್ಕಂಬುಟ್ಟೆ."

"ಸಾರ್, ಅಜ್ಜಿ ಯೂನಿಫಾರ್ಮ್ ಹಾಕಿಲ್ಲ," ಎಂದನೊಬ್ಬ.

"ಒಗ್ದು ಒಣಗಾಕಿವ್ನಿ ಕಣಪ್ಪ, ನಾಳೆ ಆಕ್ಕಂತೀನಿ."

ಅಜ್ಜಿಯನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಂತೆ. ಮೊಮ್ಮಗಳಿಗೆಂದು ಬರೆದಿಟ್ಟ ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದರು. ಅಕ್ಷರ ಕಡಿಮೆ, ಚಿತ್ರಗಳೇ ಎಲ್ಲ. ರಂಗೋಲಿಗೆ ಇಡುವಂತೆ ಮೊದಲು ಚುಕ್ಕಿ ಇಟ್ಟು, ಆಮೇಲೆ ಎಳೆ ಸೇರಿಸಿ, ವೃತ್ತವನ್ನೂ ಸ್ಪರ್ಶಕವನ್ನೂ ಬಿಡಿಸಿದ್ದರು.

"ಈ ಗೆರೆ ಒಂದೇ ಕಡೆ ಮುಟ್ಬೇಕು, ಎಲ್ಡು ಕಡೆ ಮುಟ್ಟಿದ್ರೆ ಕೆಟ್ಟೋಯ್ತು. ಅಲ್ವಾ ಸಾರ್?"

ಇಡೀ ತರಗತಿಯಲ್ಲಿ ಅದನ್ನು ಅಷ್ಟು ಸರಿಯಾಗಿ ಹೇಳಿದವರು ಬೇರೊಬ್ಬರಿರಲಿಲ್ಲ. ಇಪ್ಪತ್ತೆಂಟು ವರ್ಷ ಸುಳ್ಳು ಹಾಜರಿ ಬರೆಯದ ನನ್ನ ಘನತೆವೆತ್ತ ಕೈ, ಅಂದು ಮೂವತ್ತೇಳರ ಮುಂದೆ ಹಾಜರು ಎಂದೇ ಬರೆಯಿತು. ಹುಡುಗಿ ವಾಸಿಯಾಗಿ ಬಂದ ಮೇಲೂ ಆ ಚೌಕದಲ್ಲಿ ದಿನಾ ಎರಡು ತಲೆ ಕಾಣುತ್ತಿದ್ದವು.

ಹಾಲ್ ಟಿಕೆಟ್ ಕೊಡುವ ದಿನ ಅಜ್ಜಿಯೂ ಬಂದಿದ್ದರು.

"ಇವಳ್ದಾಯ್ತು. ನಂದೇನು ಸಾರ್, ಪಾಸೋ ಫೇಲೋ?"

"ಪರೀಕ್ಷೆ ಬರೀದೆ ಪಾಸಾಗೋಕಾಗುತ್ತಾ ಅಜ್ಜಿ," ಎಂದು ನಕ್ಕುಬಿಟ್ಟೆ. ಅವರೂ ನಕ್ಕರು... ನಕ್ಕರು ಎಂದೇ ಅಂದುಕೊಂಡೆ.

ಮೊನ್ನೆ ಇದೆಲ್ಲ ನೆನಪಾಗಿ ಆ ಹುಡುಗಿಯ ಮನೆಗೆ ಫೋನು ಮಾಡಿದೆ. ಹುಡುಗಿಯೇ ಎತ್ತಿದಳು. ಅಜ್ಜಿ ತೀರಿಕೊಂಡು ವರ್ಷವಾಯಿತಂತೆ. ಆಮೇಲೆ ಅವಳೇ ಹೇಳಿದಳು:

"ಸ್ಕೂಲು ತೆಗೆದ ಮೇಲೂ ತುಂಬಾ ದಿನ ಹತ್ತು ಗಂಟೆಗೆ ಸರಿಯಾಗಿ ಫೋನ್ ಮುಂದೆ ಕೂರ್ತಿದ್ರು ಸಾರ್. ಕ್ಲಾಸ್ ಮುಗೀತು ಕಣಜ್ಜಿ ಅಂದ್ರೆ, ಸಾರು ನಂಗೇಳ್ಲಿಲ್ವಲ್ಲ ಅಂತಿದ್ರು."

ಫೋನಿನ ತರಗತಿಯ ಕೊನೆಯ ದಿನ ಪಟ್ಟಿಯಲ್ಲಿದ್ದ ಅಷ್ಟೂ ಮಕ್ಕಳಿಗೆ ಒಬ್ಬೊಬ್ಬರ ಹೆಸರು ಹಿಡಿದು ಶುಭ ಹಾರೈಸಿ, ಇನ್ನು ಹೊರಡಿ ಎಂದಿದ್ದೆ. ಪಟ್ಟಿಯಲ್ಲಿಲ್ಲದ ಒಬ್ಬರಿಗೆ ಹೇಳಿರಲಿಲ್ಲ.